ಗುರುತು ಬಿಟ್ಟು ಸರಿದ ಸ್ಟೂಲು

ಓದೋ ಎಲ್ಲರಿಗೂ ನಮಸ್ಕಾರ. ನಾನು ಮೀಸೆ ಬಂದು ಎಷ್ಟೋ ಕಾಲ ಆದ್ಮೇಲೆ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಿ ಪಾಸಾದೋನು, ಈಗ ಫೋನಲ್ಲಿ ಒಂದೇ ಬೆರಳಲ್ಲಿ ಟೈಪ್ ಮಾಡ್ತಿದೀನಿ. ಒತ್ತು, ದೀರ್ಘ ಎಲ್ಲಾದ್ರೂ ಜಾರಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗೋ ಬಸ್ಸಲ್ಲಿ ನೀವೂ ಗಮನಿಸಿರ್ತೀರ. ಯಾರಾದ್ರೂ ಎದ್ದುಹೋದ ಸೀಟಲ್ಲಿ ನಮ್ಮ ಕಡೆ ವಯಸ್ಸಾದೋರು ತಟಕ್ಕಂತ ಕೂರಲ್ಲ. ಅಂಗೈಲಿ ಸೀಟು ತಟ್ಟಿ, ಒಂದು ಗಳಿಗೆ ನಿಂತು, ಆಮೇಲೆ ಕೂರ್ತಾರೆ. "ಎದ್ದೋರ ಬಿಸಿ ಆರಲಿ ಕಣೋ" ಅನ್ನೋಳು ನಮ್ಮಮ್ಮ. ಎದ್ದು ಹೋದೋರು ಅಷ್ಟು ಬೇಗ ಪೂರ್ತಿ ಹೋಗಿರಲ್ಲವಂತೆ. ನಾನು ನಗ್ತಿದ್ದೆ. ಕಣ್ಣಿಗೆ ಕಾಣೋದನ್ನ ಮಾತ್ರ ನಂಬೋದು ನನ್ನ ಕಸುಬು.

ಕಸುಬು ಅಂದ್ರೆ ಚಿತ್ರ ಬರೆಯೋದು. ಗುರು ಅಂತ ಯಾರೂ ಇಲ್ಲ. ಅಂಗಡಿ ಬೋರ್ಡ್ ಬರೀತಾ, ಕ್ಯಾಲೆಂಡರ್ ದೇವರ ಮೇಲೆ ಚೌಕ ಎಳೆದು ಕಾಪಿ ಹೊಡೀತಾ ಕಲ್ತೆ. ತೀರ್ಕೊಂಡೋರ ಫೋಟೋ ತಂದುಕೊಟ್ರೆ ದೊಡ್ಡದಾಗಿ ಬರೆದುಕೊಡ್ತಿದ್ದೆ. "ಥೇಟ್ ಫೋಟೋ ತರಾನೇ ಐತೆ" ಅಂತಿದ್ರು ಜನ. ಮೊದಮೊದಲು ಉಬ್ಬಿಹೋದೆ. ಆಮೇಲೆ ಒಂದು ಅನುಮಾನ ಹೊಕ್ತು: ಫೋಟೋ ತರಾನೇ ಇರೋದಾದ್ರೆ ಫೋಟೋನೇ ಸಾಕಲ್ಲ, ಇದರಲ್ಲಿ ನಾನೆಲ್ಲಿದೀನಿ? ಅವತ್ತಿಂದ ಫೋಟೋ ಬಿಟ್ಟೆ. ವಸ್ತುವಿನ ಮುಂದೇನೇ ಕೂತು, ಬೆಳಗಿನ ಬೆಳಕಲ್ಲಿ ಕಂಡಿದ್ದನ್ನ ಮಾತ್ರ ಬರೆಯೋದು. ನಾಳೆ ಜಾಗ ತಪ್ಪದಿರಲಿ ಅಂತ ವಸ್ತುವಿನ ಸುತ್ತ ನೆಲದ ಮೇಲೆ ಚಾಕ್‌ಪೀಸಲ್ಲಿ ಗುರುತು ಹಾಕೋದು. ಆ ಗುರುತಿನ ಮೇಲೆ ನನಗೆ ದೇವರಷ್ಟು ನಂಬಿಕೆ ಇತ್ತು.

ಹಂಗಿರುವಾಗ ಶಿಡ್ಲಘಟ್ಟದ ಶಕೀಲಮ್ಮ ಹೇಳಿಕಳಿಸಿದ್ರು. ಅವರ ಯಜಮಾನ್ರು ಮನೆ ಹಿಂದಿನ ಶೆಡ್ಡಲ್ಲಿ, ರೇಷ್ಮೆಗೂಡು ಬೇಯಿಸೋ ಬಿಸಿನೀರಿನ ಬೇಸಿನ್ ಮುಂದೆ, ಒಂದು ಮರದ ಸ್ಟೂಲ್ ಮೇಲೆ ಕೂತು ನೂಲು ತೆಗೀತಾ ಆಯಸ್ಸು ಕಳೆದೋರು. ಅವರು ಹೋದ ಮೇಲೆ ಶಕೀಲಮ್ಮ ಆ ಶೆಡ್ಡಿಗೆ ಕಾಲಿಟ್ಟಿರ್ಲಿಲ್ಲ. ಮಗ ನವಾಜ್ ಅದನ್ನ ಕೆಡವಿ ಬಾಡಿಗೆ ರೂಮು ಕಟ್ಟೋಕೆ ಹೊರಟಿದ್ದ.

"ನಮ್ಮನೇಲಿ ಮನುಷ್ಯರ ಚಿತ್ರ ಗೋಡೆಗೆ ಹಾಕಲ್ಲಪ್ಪ," ಅಂದ್ರು ಆಕೆ. "ಅವರನ್ನ ಬರೀಬೇಡ. ಅವರು ಕೂರ್ತಿದ್ದ ಜಾಗ ಬರಿ. ಇವನು ಕೆಡವಿದ ಮೇಲೆ ನಾನು ಎಲ್ಲಿ ಹೋಗಿ ನೋಡ್ಲಿ?"

"ಖಾಲಿ ಸ್ಟೂಲ್ ಬರೆಯೋಕೂ ಪೇಂಟರ್ ಬೇಕಾ ಅಮ್ಮೀ?" ನವಾಜ್ ನಕ್ಕ.

"ಸುಮ್ನಿರೋ. ಖಾಲಿ ಅನ್ನೋದು ನಿನ್ನ ಕಣ್ಣಿಗೆ."

ಸ್ಟೂಲು ಮೂಲೇಲಿ ಬಿದ್ದಿತ್ತು. ತಂದು ಬೇಸಿನ್‌ಗೆ ನೇರವಾಗಿ ಇಟ್ಟೆ, ಕಾಲುಗಳ ಸುತ್ತ ಚಾಕ್‌ಪೀಸ್ ಗುರುತು ಹಾಕಿದೆ, ಚಿತ್ರ ಶುರು ಮಾಡಿದೆ, ಬೀಗ ಜಡಿದು ಕೀ ಜೇಬಿಗೆ ಹಾಕ್ಕೊಂಡು ಬಂದೆ. ಮಾರನೇ ದಿನ ಬಾಗಿಲು ತೆಗೆದ್ರೆ ಸ್ಟೂಲು ಗುರುತು ಬಿಟ್ಟು ಒಂದು ಗೇಣು ಸರಿದು, ಎಡಕ್ಕೆ ಓರೆಯಾಗಿ ನಿಂತಿತ್ತು.

"ನವಾಜ್, ಸ್ಟೂಲ್ ಯಾಕಪ್ಪ ಸರಿಸ್ದೆ?"

"ಕೀ ನಿಮ್ಮತ್ರಾನೇ ಐತಲ್ಲ ಅಣ್ಣ. ನಾನೇನು ಗೋಡೆ ತೂರ್ಕೊಂಡು ಬರ್ಲಾ?"

ವಾಪಸ್ ಗುರುತಿಗೆ ಇಟ್ಟೆ. ಅದರ ಮಾರನೇ ದಿನಾನೂ ಹಂಗೇ. ದಿನಾ ಅಷ್ಟೇ ದೂರ, ಅದೇ ಓರೆ. ಹೆಗ್ಗಣ ಇರ್ಬೇಕು ಅಂದ್ಕೊಂಡೆ. ಅಷ್ಟು ಅಚ್ಚುಕಟ್ಟಾದ ಹೆಗ್ಗಣ ನಮ್ಮ ಜಿಲ್ಲೇಲಿ ನಾನಂತೂ ಕಂಡಿಲ್ಲ. ಒಲೆ ಹಚ್ಚಿ ತಿಂಗಳುಗಳಾಗಿದ್ರೂ ಬೆಂದ ಗೂಡಿನ ವಾಸನೆ ದಿನದಿನಕ್ಕೂ ಜೋರಾಗ್ತಿತ್ತು. ಬ್ರಷ್ ಹಿಡಿದು ಕೂತ್ರೆ, ನಾನು ಯಾರ ದಾರಿಗೋ ಅಡ್ಡ ಕೂತಿದೀನಿ, ಅವರು ಬಯ್ಯದೆ ಬೆನ್ನ ಹಿಂದೆ ನಿಂತು ಕಾಯ್ತಿದಾರೆ ಅನ್ನಿಸೋದು.

ಕೊನೇ ದಿನ ಬೆಳಗ್ಗೆ ಸ್ಟೂಲ್ ಎತ್ತಿ ಗುರುತಿಗೆ ಇಡೋಕೆ ಹೋದೆ. ಕೈ ನಿಂತುಹೋಯ್ತು. ಕಂಡಿದ್ದನ್ನೇ ಬರೀತೀನಿ ಅಂತ ಜಂಬ ಕೊಚ್ಚೋ ನಾನು, ದಿನಾ ಬೆಳಗ್ಗೆ ಕಂಡಿದ್ದನ್ನ ತಿದ್ದಿ ಆಮೇಲೆ ಬರೀತಿದ್ದೆ! ನೆಲದ ಗುರುತು ಕಾಲಲ್ಲಿ ಉಜ್ಜಿ ಅಳಿಸಿದೆ. ಬರೆದಿದ್ದ ಸ್ಟೂಲನ್ನ ಟರ್ಪೆಂಟೈನ್ ಬಟ್ಟೇಲಿ ಒರೆಸಿ, ಅದು ತಾನಾಗಿ ನಿಂತಿದ್ದ ಹಂಗೇ ಬರೆದೆ. ನನ್ನ ಚಿತ್ರ ಅಂತ ನನಗನ್ನಿಸಿದ್ದು ಅದೇ ಮೊದಲು.

ಚಿತ್ರಾನ ಜಗಲಿಗೆ ತಂದಿಟ್ಟೆ. ಶಕೀಲಮ್ಮ ಬಗ್ಗಿ ನೋಡಿದ್ರು.

"ಅವರಿಗೆ ಎಡಗಾಲು ಮಡಿಸೋಕೆ ಆಗ್ತಿರ್ಲಿಲ್ಲ. ಸ್ಟೂಲ್ ಹಿಂಗೇ ಓರೆ ಹಾಕ್ಕೊಂಡು ಕೂರ್ತಿದ್ರು. ನಿಂಗ್ಯಾರಪ್ಪ ಹೇಳಿದ್ದು?"

ನಾನು ನವಾಜ್ ಕಡೆ ನೋಡಿದೆ. ಅವನು ನಗ್ಲಿಲ್ಲ. "ನಾನು ಹೇಳಿಲ್ಲ ಅಮ್ಮೀ" ಅಂದ.

ಆಕೆ ಸೆರಗು ತಲೆ ಮೇಲೆ ಹೊದ್ದು ಎದ್ರು. ಯಜಮಾನ್ರು ಹೋದ ಮೇಲೆ ಮೊದಲನೇ ಸಲ ಶೆಡ್ಡಿಗೆ ಹೋದ್ರು. ನಾವಿಬ್ಬರೂ ಬಾಗಿಲಲ್ಲೇ ನಿಂತ್ವಿ. ಸ್ಟೂಲ್ ಮುಂದೆ ನಿಂತು, ಊಟಕ್ಕೆ ಕರೆಯೋ ದನೀಲಿ ಅಂದ್ರು: "ಸಾಕು, ಏಳಿ ಇನ್ನ. ಹುಡುಗ ರೂಮು ಕಟ್ಬೇಕಂತೆ."

ಮಾರನೇ ದಿನ ಕೆಡವೋಕೆ ಅಂತ ಬಾಗಿಲು ತೆಗೆದಾಗ ಸ್ಟೂಲು ಅದೇ ಓರೇಲಿ ನಿಂತಿತ್ತು. ಬೆಂದ ಗೂಡಿನ ವಾಸನೆ ಮಾತ್ರ ಇರ್ಲಿಲ್ಲ.

ಈಗ ಬಸ್ಸಲ್ಲಿ ನಾನೂ ಸೀಟು ತಟ್ತೀನಿ. ಬಿಸಿ ಆರಲಿ ಅಂತಲ್ಲ, ಕೂರ್ಲಾ ಅಂತ ಕೇಳೋಕೆ. ನಿಮ್ಮನೇಲೂ ಯಾರಾದ್ರೂ ಎದ್ದುಹೋದ ಕುರ್ಚಿ ಇದ್ರೆ, ಅದು ಎತ್ತ ತಿರುಗಿ ನಿಂತಿದೆ ನೋಡಿ ನನಗೆ ಬರೀರಿ. ಸರಿ ಮಾಡೋಕೆ ಮಾತ್ರ ಹೋಗ್ಬೇಡಿ.