ಶನಿವಾರದ ರಾಗ

ಹಾಡು ಶುರುವಾಗುವ ಮೊದಲು ಅವರ ಗಂಟಲ ಗಂಟು ಎರಡು ಸಲ ಮೇಲಕ್ಕೇರಿ ಇಳಿಯುತ್ತಿತ್ತು. ಮಧುಗಿರಿಯ ನಮ್ಮ ಅಡುಗೆಮನೆ ಕಿಟಕಿಯಿಂದ ಅವರ ಅಡುಗೆಮನೆ ಕಿಟಕಿಗೆ ನಾಲ್ಕೇ ಅಡಿ. ಆ ಗಂಟು ಅಲ್ಲಾಡಿತೆಂದರೆ ನಾನು ಒಲೆ ಸಣ್ಣ ಮಾಡುತ್ತಿದ್ದೆ.

ಪಕ್ಕದ ಮನೆ ತಾತ ಯೆಹೂದಿಗಳು. ಮುಂಬೈನಲ್ಲಿ ಅವರ ಜನದ ಪ್ರಾರ್ಥನಾಮಂದಿರದಲ್ಲಿ ಮೂವತ್ತು ವರ್ಷ ಎಲ್ಲರ ಮುಂದೆ ನಿಂತು ಪ್ರಾರ್ಥನೆ ಹಾಡಿದವರು, ಹಳೆಯ ಪ್ರಾರ್ಥನೆಗಳಿಗೆ ಹೊಸ ರಾಗ ಕಟ್ಟಿದವರು. ಹೆಂಡತಿ ತೀರಿಕೊಂಡ ಮೇಲೆ, ಪಾವಗಡದ ಸೋಲಾರ್ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿದ ಮಗಳ ಜೊತೆ ಇಲ್ಲಿಗೆ ಬಂದರು. ಆರು ವರ್ಷದಲ್ಲಿ ನಮ್ಮ ಬೀದಿಯ ಕನ್ನಡವನ್ನೇ ಕಲಿತುಬಿಟ್ಟಿದ್ದರು. "ಬದ್ನೇಕಾಯೊಳಗೆ ಹುಳ ಸಂಸಾರ ಹೂಡೈತೆ ಕಣ್ಲಾ!" ಎಂದು ತರಕಾರಿಯವನನ್ನು ಗದರುವುದು ಕೇಳಿದರೆ ಹೊರಗಿನವರೆಂದು ಯಾರೂ ಹೇಳುತ್ತಿರಲಿಲ್ಲ.

ಶನಿವಾರ ಅವರು ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಅಂದು ಬರೆಯುವುದು ಅವರ ಧರ್ಮಕ್ಕೆ ನಿಷಿದ್ಧ. ರಾಗಕ್ಕೆ ಇದೆಲ್ಲ ಗೊತ್ತಾಗಬೇಕಲ್ಲ! ಅದು ಹಟ ಹಿಡಿದು ಶನಿವಾರವೇ ಬರುತ್ತಿತ್ತು. ಆಗ ಕಿಟಕಿಗೆ ಬಂದು, "ಟೀಚರಮ್ಮ, ಇದನ್ನ ನಾಳೆಗಂಟ ಮಡಿಕ್ಕೊಂಡಿರಿ" ಎಂದು ಎರಡು ಸಲ ಹಾಡುತ್ತಿದ್ದರು. ಭಾನುವಾರ ನಾನು ಹಾಡಿ ಒಪ್ಪಿಸಬೇಕು, ಅವರು ಬರೆದುಕೊಳ್ಳಬೇಕು. ಒಮ್ಮೆ ನನಗೇ ತಿಳಿಯದೆ ನಮ್ಮ ಶಾಲೆಯ ಪ್ರಾರ್ಥನೆಯ ಎಳೆತವೊಂದನ್ನು ಸೇರಿಸಿ ಒಪ್ಪಿಸಿದ್ದೆ. "ಹಾಲು ಮಡಗಿದ್ರೆ ಕೆನೆ ಕಟ್ಟಿಸಿ ಕೊಟ್ರಲ್ಲಮ್ಮ" ಎಂದು ನಕ್ಕು ಅದನ್ನೂ ಬರೆದುಕೊಂಡರು.

ಪ್ರತಿವರ್ಷ ಹೆಂಡತಿಯ ತಿಥಿಗೆ ಮುಂಬೈಗೆ ಹೋಗುತ್ತಿದ್ದರು. ಅಂದು ಹೇಳುವ ಪ್ರಾರ್ಥನೆಗೆ ಈ ಸಲ ಹೊಸ ರಾಗ ಕಟ್ಟುತ್ತಿದ್ದರು. ಕೊನೆಯ ಸಾಲೊಂದು ಕೂತಿರಲಿಲ್ಲ. ಅಷ್ಟರಲ್ಲಿ ಬಚ್ಚಲಲ್ಲಿ ಜಾರಿ ಕಾಲು ಮುರಿಯಿತು. "ಹೋಗಾಕಾಗಕಿಲ್ಲ. ಇಲ್ಲೇ ಹೇಳಾಣ ಅಂದ್ರೆ ಹತ್ತು ಜನ ಗಂಡಸ್ರು ಬೇಕು. ಇಲ್ದಿದ್ರೆ ಆ ಮಾತು ಬಾಯಲ್ಲಿ ಆಡಂಗಿಲ್ಲ" ಎಂದು ಕಣ್ಣೊರೆಸಿಕೊಂಡರು.

ಹತ್ತು ಜನ ತಾನೆ? ನಾನು ಬಿಡುವವಳೇ? ತಿಥಿಯ ದಿನ ನಮ್ಮ ಯಜಮಾನರು, ಹೆಡ್‌ಮಾಸ್ತರು, ಆಟೋದವನು, ಕೊರಟಗೆರೆಯಿಂದ ನನ್ನ ತಮ್ಮಂದಿರು, ಹೀಗೆ ಒಂಬತ್ತು ಜನರನ್ನು ಕೂಡಿಸಿದೆ. ತಾತನೂ ಸೇರಿ ಹತ್ತು. ಎಲ್ಲರೂ ತಲೆಗೆ ಸ್ನಾನ ಮಾಡಿ, ದೇವಸ್ಥಾನಕ್ಕೆ ಹೋಗುವಂತೆ ಟವೆಲನ್ನು ಸೊಂಟಕ್ಕೆ ಬಿಗಿದು, ಬರಿದಲೆಯಲ್ಲಿ ಕೈಕಟ್ಟಿ ನಿಂತರು. ಕರ್ಪೂರವೂ ಬಂದಿತ್ತು.

ತಾತ ಒಬ್ಬೊಬ್ಬರ ಮುಖವನ್ನೂ ನೋಡಿದರು. "ನಮ್ಮ ಧರ್ಮದೋರೇ ಆಗ್ಬೇಕು ಕಣಮ್ಮ. ಮೊದ್ಲೇ ಹೇಳ್ಬೇಕಿತ್ತು, ತಪ್ಪು ನಂದೇ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಜನರ ಮುಂದೆ ಅವಮಾನ! "ಇವರೇನು ಮನುಷ್ಯರಲ್ವಾ? ನಿಮ್ಮೋರೇ ಬೇಕು ಅಂದ್ರೆ ನಿಮ್ಮೋರ ಹತ್ರನೇ ಹೋಗಿ ಇರ್ಬೇಕಿತ್ತು" ಎಂದೆ.

"ಲೇ, ಸುಮ್ಕಿರೇ" ಎಂದರು ಯಜಮಾನರು. ನನ್ನ ಬಾಯಿ ಒಮ್ಮೆ ಹೊರಟರೆ ನಿಲ್ಲುವುದಲ್ಲ. ತಾತ ನೆತ್ತಿಯ ಮೇಲಿನ ಪುಟ್ಟ ಟೋಪಿಯನ್ನು ಸರಿಮಾಡಿಕೊಂಡರು.

ಆಮೇಲೆ ನಾನು ಮಾತು ಬಿಟ್ಟೆ. ಮುಂದಿನ ಶನಿವಾರ ವಾಕರ್ ಹಿಡಿದು ಕಿಟಕಿಗೆ ಬಂದರು. "ಟೀಚರಮ್ಮ, ಕೊನೇ ಸಾಲು ಸಿಕ್ಬುಡ್ತು." ಗಂಟಲ ಗಂಟು ಮೇಲಕ್ಕೇರಿ ಇಳಿಯಿತು. ನಾನು ಬೆನ್ನು ತಿರುಗಿಸಿ ಮಿಕ್ಸಿ ಹಾಕಿದೆ. ರುಬ್ಬಿ ಮುಗಿದಿದ್ದ ಚಟ್ನಿಯನ್ನೇ ಮತ್ತೆ ರುಬ್ಬಿದೆ. ಓರೆಗಣ್ಣಿಗೆ ಅವರ ಬಾಯಿ ಆಡುವುದು ಕಾಣುತ್ತಿತ್ತು. ಎಂದಿನಂತೆ ಎರಡು ಸಲ ಹಾಡಿದರು, ತಲೆಯಾಡಿಸಿ ಒಳಗೆ ಹೋದರು. ನಾಳೆ ಒಪ್ಪಿಸುವಾಗ ಬೇಕಾದರೆ ಕೇಳಿಕೊಂಡರಾಯಿತು ಎಂದುಕೊಂಡೆ, ಪಾಪಿ ನಾನು.

ಭಾನುವಾರ ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಮಣ್ಣು ಮಾಡಲೆಂದು ಮಗಳು ಅವರನ್ನು ಮುಂಬೈಗೆ ಕರೆದೊಯ್ದಳು.

ಮೂರು ದಿನದ ಮೇಲೆ ಅವಳ ಫೋನ್ ಬಂತು. "ಆಂಟಿ, ಇಲ್ಲಿ ಹತ್ತು ಜನ ಸೇರಿದಾರೆ. ಅಮ್ಮನಿಗೆ ಅಂತ ಕಟ್ಟಿದ ರಾಗದಲ್ಲೇ ಅಪ್ಪಂಗೂ ಹೇಳೋಣ ಅಂತಿದಾರೆ. ಪುಸ್ತಕದಲ್ಲಿ ಕೊನೇ ಸಾಲು ಇಲ್ಲ. ಟೀಚರಮ್ಮನ ಹತ್ರ ಕೊಟ್ಟಿದೀನಿ, ಎಲ್ಲೂ ಹೋಗಲ್ಲ ಅಂದಿದ್ರು ಅಪ್ಪ. ಸ್ವಲ್ಪ ಹಾಡ್ತೀರಾ?"

ಎಲ್ಲರಿಗೂ ಕೇಳಲೆಂದು ಅವಳು ಫೋನನ್ನು ಸ್ಪೀಕರಿಗೆ ಹಾಕಿದಳು.

"ಮಿಕ್ಸಿ ಆಡ್ತಿತ್ತು ಕಣಮ್ಮ" ಎಂದೆ.