ಹಳದಿ ಹಕ್ಕಳೆಯ ತಟ್ಟೆ

ನೀರು ತಿಳಿಯಾಗಿದೆ ಎಂದಮಾತ್ರಕ್ಕೆ ಅದರಲ್ಲಿ ಬೇರೇನೂ ಇಲ್ಲವೆಂದು ನಿಮಗೆ ಹೇಳಿದವರು ಯಾರು? ಹುಮನಾಬಾದಿನ ಅಂಚಿನ ಒಂದು ಮನೆಗೆ ಹಾಗೆ ಹೇಳಿದವನು ನಾನು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನಾನು ಬಸವಕಲ್ಯಾಣದಿಂದ ದಿನವೂ ಬಸ್ಸಿನಲ್ಲಿ ಬಂದು ಅಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪಾಲಕರ ಸಭೆಯೊಂದರಲ್ಲಿ, ಮಡಿಬಟ್ಟೆಯನ್ನು ನಾಲ್ಕು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸುವ ನಮ್ಮ ಮನೆಗಳ ರೂಢಿಯನ್ನು ಕೊಂಡಾಡಿ, "ಈ ಬಟ್ಟೆ ಇರುವವರೆಗೆ ನಿಮ್ಮ ಬಾವಿಯ ಬಗ್ಗೆ ಭಯ ಬೇಡ" ಎಂದಿದ್ದೆ. ಚಪ್ಪಾಳೆ ಬಿದ್ದಿತ್ತು.

ಮರುವರ್ಷ ಏಳನೆಯ ತರಗತಿಗೆ ಮಿಶ್ರಣ, ದ್ರಾವಣಗಳ ಪಾಠ. ಮಣ್ಣು ಕಲಸಿದ ನೀರನ್ನು ಸೋಸಿದೆ. ಮಣ್ಣು ಬಟ್ಟೆಯ ಮೇಲುಳಿಯಿತು. ಉಪ್ಪು ಕರಗಿಸಿದ ನೀರನ್ನು ಸೋಸಿದೆ. ಬಟ್ಟೆಯ ಮೇಲೆ ಏನೂ ಇಲ್ಲ, ಕೆಳಗಿನ ನೀರು ಉಪ್ಪಾಗಿಯೇ ಇತ್ತು. ಕರಗಿದ್ದು ಬಟ್ಟೆಗೆ ಸಿಗದು, ನೀರು ಆರಿದಾಗ ಕಾಣುತ್ತದೆ ಎಂದು ವಿವರಿಸಿ, ಮನೆಯ ನೀರನ್ನು ಸೋಸಿ, ತಟ್ಟೆಯಲ್ಲಿ ಬಿಸಿಲಿಗಿಟ್ಟು ಆರಿಸಿ ತರಲು ಮಕ್ಕಳಿಗೆ ಹೇಳಿದೆ.

ಎಲ್ಲ ತಟ್ಟೆಗಳಲ್ಲೂ ತೆಳುವಾದ ಬಿಳಿ ಗೆರೆಯಿತ್ತು. ಬಾವಿನೀರಿಗೆ ಅದು ಸಹಜ. ಒಬ್ಬ ಹುಡುಗಿಯ ತಟ್ಟೆ ಮಾತ್ರ ಹಳದಿಯಾಗಿ ಹಕ್ಕಳೆಗಟ್ಟಿತ್ತು, ಮೂಗಿಗೆ ಘಾಟು ಹೊಡೆಯುತ್ತಿತ್ತು. ಕಾರ್ಖಾನೆಯೊಂದರ ಹೊಲಸು ನೀರು ಹರಿಯುವ ಕಾಲುವೆಯ ಪಕ್ಕದಲ್ಲೇ ಅವರ ಬಾವಿ.

ಮರುದಿನ ಅವಳ ತಾಯಿ ಶಾಲೆಗೆ ಬಂದರು.

"ಸರ್ರಾ, ಅದ ಬಾವಿ ನೀರ ಕುಡಿಯೋ ನಮ್ಮ ಎಮ್ಮಿ ಎರಡ ಸಲ ದಿನ ತುಂಬೂದ್ರಾಗ ಕಂದು ಹಾಕ್ತು. ಈಗ ನನಗ ಐದ ತಿಂಗಳ. ನಳದ ನೀರ ತರ್ತೀನಿ ಅಂದ್ರ ನಮ್ಮ ಮಾವ ಬ್ಯಾಡ ಅಂತಾರ. ಮಾಸ್ತರು ಸಭಾದಾಗ ಹೇಳ್ಯಾರ, ನೀರ ಸೋಸೂ ಅರಿವಿ ಅದ, ಅಂಜಿಕಿ ಯಾಕ ಅಂತಾರ. ಆ ಅರಿವಿ ನೀವ ಕಟ್ಟಿಸೀರಿ, ನೀವ ಬಂದು ಬಿಚ್ಚಿಸ್ರಿ."

ಹೋದೆ. ಮಾವ ಕಟ್ಟೆಯ ಮೇಲೆ ಕುಳಿತಿದ್ದರು. ಅಂದು ಹೇಳಿದ್ದು ತಪ್ಪು ಎಂದೆ.

"ಅವತ್ತ ಮೈಕ್ ಹಿಡಿದು ಹೇಳಿದ್ರಿ, ಇವತ್ತ ಕಿವ್ಯಾಗ ಹೇಳಾಕತ್ತೀರಿ. ಯಾವುದು ಖರೇ ರೀ?"

ಎಷ್ಟೋ ವಾದಗಳನ್ನು ಗೆದ್ದಿದ್ದ ನಾನು ಅಂದು ವಾದಿಸದೆ, ಜೊತೆಗೆ ತಂದಿದ್ದ ತಟ್ಟೆಯನ್ನು ಅವರ ಮುಂದಿಟ್ಟೆ. ಅವರು ಹಕ್ಕಳೆಯನ್ನು ಉಗುರಿನಿಂದ ಕೆದರಿ ಮೂಸಿದರು. "ನಳಕ್ಕ ಹೋಗವ್ವಾ" ಎಂದು ಸೊಸೆಗೆ ಹೇಳಿದರು. ಆಮೇಲೆ ಎದ್ದು ಒಳಗೆ ಹೋಗಿ, ತಾವು ಮಾತ್ರ ಬಟ್ಟೆ ಕಟ್ಟಿದ ಬಾವಿನೀರಿನ ಹಳೆಯ ಕೊಡದಿಂದಲೇ ಒಂದು ತಂಬಿಗೆ ಕುಡಿದರು.

ಬಸವಕಲ್ಯಾಣದ ಬಸ್ಸಿನಲ್ಲಿ ಕುಳಿತು, ಪಶ್ಚಾತ್ತಾಪ ಬಂದೀತೆಂದು ಕಾದೆ. ಬರಲಿಲ್ಲ. ನಾಲ್ಕು ತಿಂಗಳ ನಂತರ ತಮ್ಮ ಹುಟ್ಟಿದ್ದಾನೆ, ಚೆನ್ನಾಗಿದ್ದಾನೆ ಎಂದು ಆ ಹುಡುಗಿ ಹೇಳಿದಾಗ ತಲೆಯಾಡಿಸಿ, ಹಾಜರಿ ಪುಸ್ತಕ ತೆರೆದು ಮುಂದಿನ ಹೆಸರು ಕೂಗಿದೆ. ಎಮ್ಮೆಗೆ ಆದದ್ದು ಆ ನೀರಿನಿಂದಲೇ ಎಂದು ನಾನಿಂದು ಸಾಧಿಸಲಾರೆ. ಆ ಬಾವಿಯ ನೀರನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ, ನಾನೂ ಮಾಡಿಸಲಿಲ್ಲ.

ನೀವು ಕುಡಿಯುವ ಬಾವಿಯ ನೀರನ್ನು ದಯವಿಟ್ಟು ಒಂದು ಸ್ವಚ್ಛ ಬಾಟಲಿಯಲ್ಲಿ ತುಂಬಿ, ಈ ವಾರವೇ ಪರೀಕ್ಷೆಗೆ ಕೊಡಿ.