ಫ್ರಿಜ್ಜಿನೊಳಗಿನ ಚಳಿಗಾಲ

ನನ್ನ ಅಕ್ಕನ ಗಂಡ ಫುಲ್ಹೆನ್ಸಿಯೊನಂಥ ಬುದ್ಧಿವಂತ ಪೆದ್ದನನ್ನು ನಮ್ಮ ಬಿಸಿಲೂರು ಅಲ್ಮೇರಿಯದ ಯಾವ ಬೀದಿಯಲ್ಲೂ ನಾನು ಕಂಡಿಲ್ಲ. ಹೊಟ್ಟೆಪಾಡಿಗೆ ಸಿಟಿ ಬಸ್ ಓಡಿಸುತ್ತಾನೆ, ಹುಚ್ಚಿಗೆ ಇರುವೆ ಸಾಕುತ್ತಾನೆ. ಆರು ವರ್ಷದ ಹಿಂದೆ, ಅಕ್ಟೋಬರಿನ ಮೊದಲ ಮಳೆ ನಿಂತ ಮೇಲೆ, ಬಸ್ ನಿಲ್ದಾಣದ ಹಿಂದಿನ ಬಯಲಲ್ಲಿ ರೆಕ್ಕೆ ಕಳಚಿಕೊಂಡು ಓಡಾಡುತ್ತಿದ್ದ ರಾಣಿಯಿರುವೆಯೊಂದನ್ನು ಹಿಡಿದು ತಂದ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಳು ಹಾಕಿದ. ಸಂಸಾರ ಸಾವಿರಗಟ್ಟಲೆ ಬೆಳೆಯಿತು. ಆ ರಾಣಿಗೆ ಸಿಕ್ಕ ಉಪಚಾರ ಅಕ್ಕ ವಿರ್ತೂದೆಸ್‌ಗೆ ಒಂದು ದಿನವೂ ಸಿಗಲಿಲ್ಲ.

ಈ ವರ್ಷ ಅವನು ಫೋನಿನಲ್ಲಿ ಜರ್ಮನಿಯ ಇರುವೆ ಸಾಕುವವರ ಗುಂಪು ಸೇರಿಕೊಂಡ. ಅಲ್ಲಿ ಹಿಮ ಬೀಳುತ್ತದೆ, ಇರುವೆಗಳು ಚಳಿಗಾಲವಿಡೀ ಮಲಗುತ್ತವೆ. ಅವರೇನೋ ಪಾಪ, "ನಿಮ್ಮದು ಯಾವ ಕಡೆಯ ಇರುವೆ?" ಎಂದು ಕೇಳಿಯೇ ಕೇಳಿದರು. ಬಸ್ ನಿಲ್ದಾಣದ ಹಿಂದೆ ಹೆಕ್ಕಿದ್ದು ಎನ್ನಲು ಇವನಿಗೆ ನಾಚಿಕೆ. ಹಿಮದ ಬೆಟ್ಟದಿಂದ ತಂದದ್ದು ಎಂದು ಬೊಗಳೆ ಬಿಟ್ಟ. ಹಾಗಾದರೆ ನಿದ್ದೆ ಮಾಡಿಸಲೇಬೇಕು, ಇಲ್ಲದಿದ್ದರೆ ರಾಣಿ ಹೆಚ್ಚು ದಿನ ಬಾಳುವುದಿಲ್ಲ ಎಂದರು. ಇರುವೆಗಳನ್ನು ಚಳಿಯಲ್ಲಿ ಮಲಗಿಸಲೇಬೇಕು ಎಂದು ಭಾವ ಅವತ್ತೇ ಅಕ್ಕನ ಮುಂದೆ ಹಟ ಹಿಡಿದ.

"ಡಿಸೆಂಬರಲ್ಲೂ ಜನ ಅಂಗಿ ಬಿಚ್ಚಿ ಬಿಸಿಲು ಕಾಯೋ ಊರಿದು. ಚಳಿ ಎಲ್ಲಿಂದ ತರ್ತೀರಿ?" ಅಂದಳು ಅಕ್ಕ.

"ಫ್ರಿಜ್ ಇಲ್ವೇನೆ?"

"ರೀ, ಇದು ಇದೇ ಮಣ್ಣಿನ ಇರುವೆ. ಇಷ್ಟು ವರ್ಷವೂ ಚಳಿಗಾಲದಲ್ಲಿ ಒಂಚೂರು ಮಂಕಾಗಿ ಆಮೇಲೆ ತಾನೇ ಸರಿಹೋಗ್ತಿರ್ಲಿಲ್ವಾ?"

"ನಿಂಗೇನು ಗೊತ್ತು? ಅವರೆಲ್ಲ ಓದಿಕೊಂಡೋರು."

ಸುಳ್ಳು ಹೇಳಿ ಪಡೆದ ಬುದ್ಧಿವಾದವನ್ನು ನಿಜವೆಂದು ನಂಬಿದ ಮನುಷ್ಯನಿಗೆ ಏನು ಹೇಳೋಣ? ಪೆಟ್ಟಿಗೆ ತರಕಾರಿ ಪಕ್ಕ ಹೋಗಿ ಕೂತಿತು.

ಕ್ರಿಸ್ಮಸ್ ಹಿಂದಿನ ದಿನ ಸೀಗಡಿಗೆ ಜಾಗ ಮಾಡಲು ಅಕ್ಕ ಅದನ್ನು ಈಚೆ ತೆಗೆದು ಕಿಟಕಿಯ ಬಿಸಿಲಿಗಿಟ್ಟಳು. ಮಧ್ಯಾಹ್ನವಾದರೂ ಒಂದು ಇರುವೆಯೂ ಮಿಸುಕಲಿಲ್ಲ. ಭಾವ ರಾಣಿಯನ್ನು ಅಂಗೈಮೇಲಿಟ್ಟುಕೊಂಡು ಬಾಯಿಂದ ಬಿಸಿಯುಸಿರು ಬಿಟ್ಟ, ಮತ್ತೆ ಬಿಟ್ಟ. ನಗಬೇಕೆಂದೇ ಬಂದಿದ್ದ ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಗುಂಪಿನವರು ಹಬ್ಬದ ಶುಭಾಶಯ ಹೇಳಿ, ರಾಣಿ ಹೇಗಿದ್ದಾಳೆ ಎಂದು ಕೇಳಿದ್ದರು. ಭಾವ ಕಣ್ಣೊರೆಸಿಕೊಂಡು ಉತ್ತರ ಒತ್ತಿದ: ಸುಖವಾಗಿ ನಿದ್ದೆ ಮಾಡುತ್ತಿದ್ದಾಳೆ.

"ಥೂ! ಸತ್ತಮೇಲಾದ್ರೂ ಅದರ ಊರು ಯಾವುದು ಅಂತ ಹೇಳಬಾರ್ದಾ ಭಾವ?" ಅಂದೆ.

ಅವನು ಫೋನು ಕೆಳಗಿಟ್ಟ. ರಾಣಿಯನ್ನು ಪೆಟ್ಟಿಗೆಗೆ ಹಾಕಿ, ಸೀಗಡಿ ತಟ್ಟೆಯನ್ನು ಈಚೆ ತೆಗೆದು, ಪೆಟ್ಟಿಗೆಯನ್ನು ಅದೇ ಜಾಗದಲ್ಲಿಟ್ಟ. ಎಲ್ಲಿ ಎಚ್ಚರವಾಗಿಬಿಡುತ್ತದೋ ಎಂಬಂತೆ ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಹಾಕಿದ.